ತಲಿಹೊಟ್ಟಿನ ಚರಿತ್ರೆ: ಎಣ್ಣಿ ಉಳೀತು, ಎರಕೊಳ್ಳೋದು ಹೋಯ್ತು

ಇತಿಹಾಸ ಅಂದ್ರೆ ರಾಜರು, ಯುದ್ಧ, ಶಾಸನ ಅಂತಲೇ ಓದಿ ಬೆಳೆದವರು ನಾವು. ನಮ್ಮ ಕಲಬುರಗಿ ಜಿಲ್ಲೆ ಬಗ್ಗೆ ಯಾರಾದ್ರೂ ಬರೆದರೆ ಮಾನ್ಯಖೇಟ ಬರುತ್ತೆ, ಬಹಮನಿ ಕೋಟೆ ಬರುತ್ತೆ, ನಿಜಾಮ ಬರ್ತಾನೆ, 1948ರ ಪೊಲೀಸ್ ಕಾರ್ಯಾಚರಣೆ ಬರುತ್ತೆ. ನಾನು ಇವತ್ತು ಬರೆಯೋಕೆ ಹೊರಟಿರೋದು ತಲೆಹೊಟ್ಟಿನ ಇತಿಹಾಸ. ನಗಬೇಡಿ :) ಪೂರ್ತಿ ಓದಿ, ಆಮೇಲೆ ಬೇಕಾದ್ರೆ ನಗಿ.

ಮೊದಲು ನನ್ನ ಅರ್ಹತೆ ಹೇಳಿಬಿಡ್ತೀನಿ. ನಾನು ಡಾಕ್ಟರಲ್ಲ, ಇತಿಹಾಸಕಾರನೂ ಅಲ್ಲ. ಎಂಜಿನಿಯರಿಂಗ್ ಓದಿ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ ಮಾಡ್ಕೊಂಡಿರೋನು. ಅಪ್ಪನ ಊರು ಅಫಜಲಪುರ ತಾಲೂಕಿನಲ್ಲಿ ಭೀಮಾ ನದಿ ದಂಡೆಯ ಹಳ್ಳಿ, ಅವ್ವನ ತವರು ಆಳಂದ, ಅಕ್ಕನ್ನ ಕೊಟ್ಟಿರೋದು ಜೇವರ್ಗಿ ಕಡೆ. ಹೀಗಾಗಿ ಮೂರೂ ಕಡೆಯ ಮನೆಮದ್ದು ನನ್ನ ತಲೆ ಮೇಲೆ ಪ್ರಯೋಗ ಆಗಿದೆ. ಆಯಿ ಹೇಳಿದ್ದು ಒಂದು, ದೊಡ್ಡವ್ವ ಹೇಳಿದ್ದು ಇನ್ನೊಂದು, ಈಗ ಫ್ಯಾಮಿಲಿ ಗ್ರೂಪಿನಲ್ಲಿ ಬರೋ ಫಾರ್ವರ್ಡ್ ಮತ್ತೊಂದು. ಎಲ್ಲದರಲ್ಲೂ ಸಾಮಾನ್ಯ ಅಂಶ ಒಂದೇ: ಎಣ್ಣೆ ಹಚ್ಚು. ಹೊಟ್ಟು ಜಾಸ್ತಿ ಆಯ್ತಾ? ಇನ್ನಷ್ಟು ಎಣ್ಣೆ ಹಚ್ಚು. ಯಾವ ಬಗ್‌ಗೂ ಒಂದೇ ಪ್ಯಾಚು! ಈ ಎಣ್ಣೆ ಎಲ್ಲಿಂದ ಬಂತು, ಅದರ ಜೊತೆ ಇದ್ದದ್ದು ಏನು ಕಳೆದುಹೋಯ್ತು ಅನ್ನೋದೇ ಈ ಬರಹ.

ಮೊದಲು ಹೆಸರು ನೋಡೋಣ. ನಮ್ಮದು ತೊಗರಿ ಕಣಜ ಅಂತ ಎಲ್ಲರಿಗೂ ಗೊತ್ತು. ರಾಶಿ ಮಾಡಿ ತೂರಿದಾಗ ಕಾಳು ಕೆಳಗೆ ಬೀಳುತ್ತೆ, ಹೊಟ್ಟು ಗಾಳಿಗೆ ಹಾರಿ ದೂರ ಬೀಳುತ್ತೆ. ಆ ಹೊಟ್ಟು ದನಕ್ಕೆ ಮೇವು. ತಲೆಯಿಂದ ಉದುರೋದಕ್ಕೂ ಅದೇ ಹೆಸರು, ಹೊಟ್ಟು. ಕಣ ಮಾಡಿದ ರೈತನೇ ಇಟ್ಟ ಹೆಸರು ಅನ್ಸುತ್ತೆ. ಮಜಾ ಅಂದ್ರೆ ಯುರೋಪಿನವರಿಗೂ ಇದೇ ಹೊಳೆದಿತ್ತು. ವೈದ್ಯರು ಬಳಸೋ 'ಪಿಟಿರಿಯಾಸಿಸ್' ಅನ್ನೋ ಪದದ ಮೂಲ ಗ್ರೀಕಿನ 'ಪಿಟಿರಾನ್', ಅಂದ್ರೆ ಧಾನ್ಯದ ತೌಡು. ಲ್ಯಾಟಿನ್ನಿನ 'ಫರ್‌ಫರ್' ಅಂದ್ರೂ ತೌಡೇ. ನಮ್ಮ ಸಂಸ್ಕೃತ ವೈದ್ಯ ಗ್ರಂಥಗಳಲ್ಲಿ ಮಾತ್ರ ಬೇರೆ ಹೆಸರು. ಸುಶ್ರುತ ಸಂಹಿತೆ ಇದನ್ನ 'ದಾರುಣಕ' ಅಂತ ಕರೆದು ಕ್ಷುದ್ರರೋಗಗಳ ಪಟ್ಟಿಗೆ ಸೇರಿಸುತ್ತೆ. ತಲೆಚರ್ಮ ಒಣಗಿ, ಗಡುಸಾಗಿ, ಬಿರಿದು ತುರಿಸೋದು ಅದರ ಲಕ್ಷಣ. ಹೆಸರು ದಾರುಣ, ಜಾಗ ಕ್ಷುದ್ರದಲ್ಲಿ. ಸಾಯಿಸೋ ರೋಗ ಅಲ್ಲ, ಆದ್ರೆ ಪ್ರಾಣ ತಿನ್ನುತ್ತೆ ಅಂತ ಅವರಿಗೂ ಗೊತ್ತಿತ್ತು.

ಕಾರಣ ಏನು ಅಂತ ಹುಡುಕಿದ ಕತೆ 19ನೇ ಶತಮಾನದ್ದು. 1874ರಲ್ಲಿ ಫ್ರಾನ್ಸಿನ ಲೂಯಿ ಶಾರ್ಲ್ ಮಲಸೇ ಅನ್ನೋ ವಿಜ್ಞಾನಿ ಹೊಟ್ಟಿನ ಚೂರುಗಳನ್ನ ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿ, ಅದರಲ್ಲಿ ಒಂದು ಜಾತಿಯ ಬೂಷ್ಟು ಇದೆ ಅಂದ. 1889ರಲ್ಲಿ ಆ ಜಾತಿಗೆ ಅವನದೇ ಹೆಸರಿಟ್ಟರು, ಮಲಸೇಜಿಯಾ ಅಂತ. ಇದು ಹೊರಗಿಂದ ಬಂದು ಅಂಟೋ ಜೀವಿ ಅಲ್ಲ, ನಿಮ್ಮ ತಲೆ ಮೇಲೂ ನನ್ನ ತಲೆ ಮೇಲೂ ಇದ್ದೇ ಇರುತ್ತೆ. 2007ರಲ್ಲಿ ಇದರ ಒಂದು ಬಗೆಯ ಪೂರ್ತಿ ಜೀನೋಮ್ ಓದಿದಾಗ ಒಂದು ವಿಷಯ ಸಿಕ್ತು. ಬದುಕೋಕೆ ಬೇಕಾದ ಕೊಬ್ಬಿನಾಮ್ಲವನ್ನ ತಾನೇ ತಯಾರು ಮಾಡ್ಕೊಳ್ಳೋ ಜೀನ್ ಇದಕ್ಕೆ ಇಲ್ಲ. ನಮ್ಮ ಭಾಷೇಲಿ ಹೇಳೋದಾದ್ರೆ ಕೋಡಿನಲ್ಲಿ ಆ ಫಂಕ್ಷನ್ನೇ ಇಲ್ಲ, ಹೊರಗಿಂದ ಕಾಲ್ ಮಾಡ್ಬೇಕು. ಹಾಗಾಗಿ ತಲೆಚರ್ಮ ಸೂಸೋ ಜಿಡ್ಡನ್ನ ಒಡೆದು ತಿನ್ನುತ್ತೆ. ತಿಂದು ಬಿಟ್ಟ ಶೇಷದಲ್ಲಿ ಓಲೀಕ್ ಆಮ್ಲ ಅನ್ನೋದು ಕೆಲವರ ಚರ್ಮಕ್ಕೆ ಆಗಿಬರಲ್ಲ. ಚರ್ಮ ಕೆರಳಿ, ಬೇಗ ಬೇಗ ಬೆಳೆದು ಉದುರುತ್ತೆ. ಅದೇ ಹೊಟ್ಟು. ಪ್ರಯೋಗಾಲಯದಲ್ಲಿ ಈ ಬೂಷ್ಟನ್ನ ಬೆಳೆಸಬೇಕಾದ್ರೆ ಏನು ಹಾಕ್ತಾರೆ ಗೊತ್ತಾ? ಆಲಿವ್ ಎಣ್ಣೆ!

ಅಂದ್ರೆ ಎಣ್ಣೆ ಹಚ್ಚಿ ಹಾಗೇ ಬಿಡೋದು ಅಂದ್ರೆ ಅದಕ್ಕೆ ಊಟ ಹಾಕಿದ ಹಾಗೆ. ಹಾಗಾದ್ರೆ ನಮ್ಮ ಆಯಿ ಹೇಳಿದ್ದು ಸುಳ್ಳಾ? ಇಲ್ಲೇ ಇರೋದು ವಿಷಯ. ಆಯಿ ಹೇಳಿದ್ದರಲ್ಲಿ ಅರ್ಧ ಮಾತ್ರ ನಮ್ಮ ನೆನಪಿನಲ್ಲಿ ಉಳಿದಿದೆ.

ನಮ್ಮ ಕಡೆ ತಲೆಸ್ನಾನಕ್ಕೆ 'ತಲಿ ಎರಕೊಳ್ಳೋದು' ಅಂತಾರೆ. ಎರೆ ಅಂದ್ರೆ ಹೊಯ್ಯಿ, ಸುರಿ. ಪದದಲ್ಲೇ ನೀರಿದೆ, ಎಣ್ಣೆ ಇಲ್ಲ. ನಮ್ಮ ಮನೇಲಿ ಹೆಣ್ಣುಮಕ್ಕಳಿಗೆ ಮಂಗಳವಾರ ಇಲ್ಲಾ ಶುಕ್ರವಾರ, ಗಂಡಸರಿಗೆ ಸೋಮವಾರ ಇಲ್ಲಾ ಶನಿವಾರ. ಬೆಳಿಗ್ಗೆ ಎದ್ದ ಕೂಡಲೇ ಹಂಡೆಗೆ ನೀರು ತುಂಬಿ ತೊಗರಿಕಟ್ಟಿಗೆ ಹಾಕಿ ಒಲೆ ಹಚ್ಚೋರು. ನೀರು ಕಾಯೋ ತನಕ ಔಡಲೆಣ್ಣಿನೋ ಕುಸುಬಿ ಎಣ್ಣಿನೋ ಬಿಸಿ ಮಾಡಿ ನೆತ್ತಿಗೆ ತಿಕ್ಕೋರು. ಇದು ರಾತ್ರಿಯಿಡೀ ಇಡೋ ಎಣ್ಣೆ ಅಲ್ಲ, ನೀರು ಕಾಯೋಷ್ಟು ಹೊತ್ತಿನದು. ಆಮೇಲೆ ಸೀಗಿಕಾಯಿ ಪುಡಿ, ಕಡ್ಲಿಹಿಟ್ಟು ಅಥವಾ ನೆನೆಸಿ ಅರೆದ ಮೆಂತ್ಯೆ. ಒಬ್ಬರು ಬಗ್ಗಿ ಕೂರೋದು, ಇನ್ನೊಬ್ಬರು ತಂಬಿಗೆ ತಂಬಿಗೆ ನೀರು ಎರೀತಾ ಬೆರಳಿಂದ ತಿಕ್ಕೋದು. ಜಿಡ್ಡು ಹೋಗಿ ಕೂದಲು 'ಕಿರ್' ಅನ್ನೋ ತನಕ ಬಿಡ್ತಿರಲಿಲ್ಲ. ಕೊನೆಗೆ ಒಲೆಯ ಕೆಂಡದ ಹೊಗೆಯಲ್ಲಿ ಕೂದಲು ಒಣಗಿಸೋದು. ಅಂದ್ರೆ ಎಣ್ಣೆ ಇಲ್ಲಿ ಮದ್ದಲ್ಲ. ಅಂಟಿ ಕೂತ ಹೊಟ್ಟನ್ನ ಮೆತ್ತಗೆ ಮಾಡಿ ಬಿಡಿಸೋ ಸಾಧನ. ಎಳೆಗೂಸಿನ ನೆತ್ತಿ ಮೇಲೆ ಹಳದಿ ಪೊರೆ ಕಟ್ಟುತ್ತಲ್ಲ, ಅದಕ್ಕೆ ಇವತ್ತಿನ ಮಕ್ಕಳ ಡಾಕ್ಟರೂ ಇದನ್ನೇ ಹೇಳ್ತಾರೆ: ಸ್ವಲ್ಪ ಎಣ್ಣೆ ಹಚ್ಚಿ, ಮೆತ್ತಗಾದ ಮೇಲೆ ತೊಳೆದುಬಿಡಿ. 'ತೊಳೆದುಬಿಡಿ' ಅನ್ನೋದೇ ಮುಖ್ಯ.

ಇದು ಬರೀ ನಮ್ಮ ಹಳ್ಳಿ ಪದ್ಧತಿ ಅನ್ಕೋಬೇಡಿ. ಆಳಂದದಿಂದ ಉತ್ತರಕ್ಕೆ ಹೋದ್ರೆ ಬಸವಕಲ್ಯಾಣ. ಅಲ್ಲಿ ಆಳಿದ ಕಲ್ಯಾಣ ಚಾಲುಕ್ಯರ ಕಾಲದಲ್ಲಿ, 12ನೇ ಶತಮಾನದಲ್ಲಿ, ಮೂರನೇ ಸೋಮೇಶ್ವರ ಅನ್ನೋ ರಾಜ 'ಮಾನಸೋಲ್ಲಾಸ' ಅನ್ನೋ ದೊಡ್ಡ ಸಂಸ್ಕೃತ ಗ್ರಂಥ ಬರೆಸಿದ. ಅದರಲ್ಲಿ ರಾಜನ ಭೋಗಗಳನ್ನ ಒಂದೊಂದಾಗಿ ಹೇಳುವಾಗ 'ಸ್ನಾನಭೋಗ' ಅಂತಲೇ ಒಂದು ಭಾಗ ಇದೆ. ಸುಗಂಧದ ಎಣ್ಣೆ ತಿಕ್ಕಿಸಿಕೊಳ್ಳೋದು, ಆಮೇಲೆ ಆ ಎಣ್ಣೆ ತೆಗೆಯೋದು, ಬೆಚ್ಚಗಿನ ನೀರು ಎರೆಸಿಕೊಳ್ಳೋದು, ಎಲ್ಲಾ ಕ್ರಮವಾಗಿ. ಅದಕ್ಕೂ ನೂರು ವರ್ಷ ಮೊದಲು ಇದೇ ಚಾಲುಕ್ಯರ ಆಶ್ರಯದಲ್ಲಿ ಚಾವುಂಡರಾಯ ಅನ್ನೋ ಕವಿ ಕನ್ನಡದಲ್ಲೇ 'ಲೋಕೋಪಕಾರ' ಬರೆದ. ಬಾವಿ ತೋಡೋದು, ಗಿಡ ಬೆಳೆಸೋದು, ಅಡುಗೆ, ಸುಗಂಧ ದ್ರವ್ಯ, ಮದ್ದು, ಎಲ್ಲಾ ಒಂದೇ ಪುಸ್ತಕದಲ್ಲಿ. ಸಾವಿರ ವರ್ಷದ ಹಿಂದೆ ಕನ್ನಡದ 'ಹೌ-ಟು' ಪುಸ್ತಕ ಅಂದ್ಕೊಳ್ಳಿ! ಹೆಸರು ನೋಡಿ, ಲೋಕಕ್ಕೆ ಉಪಕಾರ. ಮನೆವಾರ್ತೆಯ ಜ್ಞಾನವನ್ನ ಕನ್ನಡದಲ್ಲಿ ಬರೆದಿಡೋದು ಯೋಗ್ಯ ಕೆಲಸ ಅಂತ ಆಗಲೇ ಅನ್ನಿಸಿತ್ತು. ಅದಕ್ಕೇ ನನಗೂ ಹೊಟ್ಟಿನ ಬಗ್ಗೆ ಬರೆಯೋಕೆ ನಾಚಿಕೆ ಇಲ್ಲ :)

ರಾಜನಿಗೆ ಸುಗಂಧದ ಎಣ್ಣೆ. ಬಡವರಿಗೆ? ಸೀಗೆ ನಮ್ಮ ಬಯಲುಸೀಮೆಯ ಗಿಡ ಅಲ್ಲ, ಅದು ಮಲೆನಾಡಿನ ಮುಳ್ಳುಬಳ್ಳಿ. ಸಂತೆಗೆ ಬಂದದ್ದನ್ನ ದುಡ್ಡು ಕೊಟ್ಟು ತರಬೇಕು. ತೆಂಗೂ ನಮ್ಮಲ್ಲಿ ಇಲ್ಲ, ಕೊಬ್ಬರಿ ಎಣ್ಣೆ ಡಬ್ಬದಲ್ಲಿ ಬಂದದ್ದು. ನಮ್ಮ ಮುತ್ಯಾ ಹೇಳ್ತಿದ್ದ ಪ್ರಕಾರ ಕೂಲಿ ಮಾಡೋರು ಹೊಳೆಗೆ ಹೋದಾಗ ಎರಿಮಣ್ಣನ್ನೇ ನೆನೆಸಿ ತಲೆಗೆ ತಿಕ್ಕೊಂಡು ತೊಳ್ಕೋತಿದ್ರು. ಕೇಳಿದಾಗ ನನಗೆ ಪಾಪ ಅನ್ಸಿತ್ತು. ಆಮೇಲೆ ಓದಿದಾಗ ಆಶ್ಚರ್ಯ ಆಯ್ತು. ನಮ್ಮ ಕಪ್ಪು ಎರಿಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಅನ್ನೋ ಜೇಡಿ ಹೆಚ್ಚು. ಮಳೆಗೆ ಉಬ್ಬಿ ಬೇಸಿಗೆಗೆ ಕಾಲು ಸಿಕ್ಕೋವಷ್ಟು ಬಿರುಕು ಬಿಡೋದು ಅದರಿಂದಲೇ. ಅದೇ ಜೇಡಿಗೆ ಜಿಡ್ಡು ಹೀರೋ ಗುಣವೂ ಇದೆ. ಬ್ಯೂಟಿ ಪಾರ್ಲರಿನಲ್ಲಿ ದುಡ್ಡು ಕೊಟ್ಟು ಹಚ್ಚಿಸಿಕೊಳ್ಳೋ ಮುಲ್ತಾನಿ ಮಿಟ್ಟಿಯೂ ಇದೇ ಕುಲದ್ದು. ಕೂಲಿಯವ್ವನ ಶಾಂಪೂ ಹೊಲದಲ್ಲೇ ಇತ್ತು. (ಇದನ್ನ ಓದಿ ಯಾರೂ ಹೊಲದ ಮಣ್ಣು ತಲೆಗೆ ಹಚ್ಕೋಬೇಡಿ ಮತ್ತೆ. ಆಗ ಆ ಮಣ್ಣಿಗೆ ಈಗಿನಷ್ಟು ಕ್ರಿಮಿನಾಶಕ ಬಿದ್ದಿರಲಿಲ್ಲ.)

ಈಗ ಸಾಬೂನಿನ ಕತೆ. ಇದು ನನಗೆ ತುಂಬಾ ಇಷ್ಟವಾದ ಭಾಗ. ನಮ್ಮ ಕಡೆ ನೀರು ಗಡಸು. ಆಳಂದ, ಅಫಜಲಪುರ ಕಪ್ಪುಕಲ್ಲಿನ ಸೀಮೆ. ಜೇವರ್ಗಿ ತಾಲೂಕಿನ ಒಂದಷ್ಟು ಭಾಗ, ಅಲ್ಲಿಂದ ಚಿತ್ತಾಪುರ, ಸೇಡಂ ಕಡೆ ಸುಣ್ಣದಕಲ್ಲು. ಶಹಾಬಾದ ಪರಸಿ ಕಲ್ಲು ಕೇಳಿರ್ತೀರಲ್ಲ, ಅದೇ. ಕಲ್ಲಿನ ಸುಣ್ಣ ನೀರಿಗೆ ಇಳಿಯುತ್ತೆ. ಇಂಥ ನೀರಲ್ಲಿ ಮಾಮೂಲಿ ಸಾಬೂನು ಹಚ್ಚಿದ್ರೆ ನೊರೆ ಬರೋ ಮೊದಲು ಸುಣ್ಣದ ಜೊತೆ ಸೇರಿ ಒಡೆದ ಹಾಲಿನ ಥರ ಬಿಳೀ ಕಸ ಆಗುತ್ತೆ. ಬಟ್ಟೆಯಿಂದಾದ್ರೂ ಅದು ಹೋಗುತ್ತೆ, ಕೂದಲಲ್ಲಿ ಕೂತರೆ ಒಣಗಿ ಹೊಟ್ಟಿನ ಹಾಗೇ ಕಾಣುತ್ತೆ! ಸಾಬೂನು ಹಚ್ಚಿದ್ರೆ ತಲೆ ಹೊಟ್ಟಾಗುತ್ತೆ ಅಂತ ಹಳಬರು ಹೇಳ್ತಿದ್ದದ್ದು ಸುಮ್ಮನೆ ಅಲ್ಲ. ಸೀಗೆಕಾಯಿ, ಅಂಟವಾಳಕಾಯಿಯಲ್ಲಿರೋ ಸಪೋನಿನ್ ಅನ್ನೋ ವಸ್ತು ಸುಣ್ಣದ ಜೊತೆ ಹೀಗೆ ಕಸ ಕಟ್ಟಲ್ಲ. ಇನ್ನೊಂದು, ಹಂಡೆಯ ಒಳಗೆ ಬಿಳೀ ಹಕ್ಕಳೆ ಕಟ್ಟಿರುತ್ತಲ್ಲ, ಅದು ಬಿಸಿಗೆ ನೀರಿನಿಂದ ಬಿಟ್ಟ ಸುಣ್ಣ. ಅಂದ್ರೆ ಚೆನ್ನಾಗಿ ಕಾಸಿದ ಹಂಡೆ ನೀರು ಬಾವಿ ನೀರಿಗಿಂತ ಒಂದಿಷ್ಟು ಮೆದು. ದೀಪಾವಳಿಯ ನೀರು ತುಂಬೋ ಹಬ್ಬದ ದಿನ ಹಂಡೆಯನ್ನ ಹುಣಸೆಹಣ್ಣು ಹಾಕಿ ಬೆಳಗೋದು ನೆನಪಿದೆಯಾ? ಹುಣಸೆಯ ಹುಳಿಗೆ ಸುಣ್ಣ ಕರಗುತ್ತೆ. ಯಾರೂ ಕೆಮಿಸ್ಟ್ರಿ ಓದಿರಲಿಲ್ಲ, ಆದ್ರೆ ಸಿಸ್ಟಮ್ ಕೆಲಸ ಮಾಡ್ತಿತ್ತು.

ಪಶ್ಚಿಮದವರಿಗೂ ಈ ಗಡಸು ನೀರಿನ ಕಾಟ ಇತ್ತು. ಅದಕ್ಕೆ ಅವರು ಸಾಬೂನಲ್ಲದ ಡಿಟರ್ಜೆಂಟ್ ಕಂಡುಹಿಡಿದು, 1930ರ ದಶಕದಲ್ಲಿ ಅಮೆರಿಕದಲ್ಲಿ 'ಡ್ರೀನ್' ಅನ್ನೋ ಶಾಂಪೂ ತಂದರು. ಸೀಗೆಕಾಯಿ ಮಾಡ್ತಿದ್ದ ಕೆಲಸವನ್ನೇ ಕಾರ್ಖಾನೆಯಲ್ಲಿ ಮಾಡಿದ ಹಾಗೆ. ಅಂದ ಹಾಗೆ ಶಾಂಪೂ ಅನ್ನೋ ಪದವೂ ನಮ್ಮದೇ. ಹಿಂದಿಯ 'ಚಾಂಪ್‌ನಾ', ಅಂದ್ರೆ ಅಮುಕು, ಒತ್ತು. ಅದರಿಂದಲೇ ಚಂಪಿ. ಪಾಟ್ನಾದಲ್ಲಿ 1759ರಲ್ಲಿ ಹುಟ್ಟಿದ ಶೇಖ್ ದೀನ್ ಮಹಮ್ಮದ್ ಇಂಗ್ಲೆಂಡಿಗೆ ಹೋಗಿ ಬ್ರೈಟನ್ ಊರಲ್ಲಿ ಸ್ನಾನಗೃಹ ತೆಗೆದು, ರಾಜ ನಾಲ್ಕನೇ ಜಾರ್ಜನಿಗೆ 'ಶಾಂಪೂಯಿಂಗ್ ಸರ್ಜನ್' ಆದ. 1822ರಲ್ಲಿ ಅದರ ಮೇಲೆ ಪುಸ್ತಕವನ್ನೂ ಬರೆದ. ಆಗ ಶಾಂಪೂ ಅಂದ್ರೆ ಮಾಲೀಶು, ತೊಳೆಯೋದಲ್ಲ. ಅವರು ಮಾಲೀಶಿನ ಪದ ಒಯ್ದು ತೊಳೆಯೋದಕ್ಕೆ ಇಟ್ಕೊಂಡ್ರು. ನಾವು ತೊಳೆಯೋದನ್ನ ಬಿಟ್ಟು ಮಾಲೀಶು ಇಟ್ಕೊಂಡ್ವಿ.

ಯಾಕೆ ಬಿಟ್ವಿ? ಸೋಮಾರಿತನ ಅಂತ ಹೇಳೋದು ಸುಲಭ. ಆದ್ರೆ ಲೆಕ್ಕ ಹಾಕಿ ನೋಡಿ. ಉದ್ದ ಕೂದಲಿನ ಒಬ್ಬ ಹೆಂಗಸು ಜಿಡ್ಡು ಹೋಗೋ ಹಾಗೆ ಎರಕೊಳ್ಳಬೇಕಾದ್ರೆ ಎರಡು ಮೂರು ಕೊಡ ನೀರು ಬೇಕು. ಮನೇಲಿ ನಾಲ್ಕು ಜನ ಹೆಣ್ಣುಮಕ್ಕಳಿದ್ರೆ ಹತ್ತು ಕೊಡ. ಅದನ್ನ ಹೊತ್ತು ತರೋರು ಯಾರು? ಅವರೇ. ಕಟ್ಟಿಗೆ ತರೋರು, ಒಲೆ ಊದೋರು, ಸೀಗೆ ಕುಟ್ಟೋರು, ಗಂಡಸರಿಗೂ ಮಕ್ಕಳಿಗೂ ಎರೆಯೋರು, ಎಲ್ಲಾ ಅವರೇ. ಕೊನೆಗೆ ತಮ್ಮ ಸರದಿ ಬರೋ ಹೊತ್ತಿಗೆ ಹಂಡೆಯಲ್ಲಿ ಎಷ್ಟು ನೀರು ಉಳಿದಿದೆಯೋ ಅಷ್ಟು. 'ಅಜ್ಜಿ ಕಾಲದ ಮನೆಮದ್ದು' ಅಂತ ನಾವು ಪ್ರೀತಿಯಿಂದ ಹೇಳ್ತೀವಲ್ಲ, ಅದರ ಮುಖ್ಯ ಸಾಮಗ್ರಿ ಬೇವೂ ಅಲ್ಲ, ಮೆಂತ್ಯೆಯೂ ಅಲ್ಲ. ಅಜ್ಜಿಯ ರಟ್ಟೆ. ಯಾವ ಪಟ್ಟಿಯಲ್ಲೂ ಅದರ ಹೆಸರಿಲ್ಲ.

ವಾರಕ್ಕೊಮ್ಮೆ ಅನ್ನೋ ನಿಯಮವೂ ನೀರಿನ ಲೆಕ್ಕದಿಂದ ಬಂದದ್ದೇ ಇರಬೇಕು ಅಂತ ನನ್ನ ಅನಿಸಿಕೆ. 1972ರ ಬರದಲ್ಲಿ ಕುಡಿಯೋಕೆ ನೀರಿಲ್ಲದಾಗ ತಲೆ ಎರಕೊಳ್ಳೋದು ದೂರದ ಮಾತು. ಬರೀ ಎಣ್ಣೆ ಸವರಿ ಬಾಚಿಕೊಳ್ಳೋದೇ ರೂಢಿ ಆಯ್ತು ಅಂತ ಅವ್ವ ತನ್ನ ಅವ್ವನಿಂದ ಕೇಳಿದ್ದಳು. ಆಮೇಲೆ ನೀರಿನ ಮೂಲವೂ ಬದಲಾಯ್ತು. ನಮ್ಮ ಭಾಗದಲ್ಲಿ ಮೆಟ್ಟಿಲಬಾವಿಗೆ ಇಳಿದು ನೀರು ತುಂಬೋ ಪದ್ಧತಿಯಿಂದ ನಾರುಹುಣ್ಣು ವಿಪರೀತ ಇತ್ತು. ಅದರ ನಿರ್ಮೂಲನೆಗೆ 1980ರ ದಶಕದಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಶುರುವಾಗಿ, ಮೆಟ್ಟಿಲಬಾವಿ ಬಿಟ್ಟು ಕೈಪಂಪು, ಬೋರ್‌ವೆಲ್ ಬಂದವು. 2000ನೇ ಇಸವಿಯಲ್ಲಿ ಭಾರತ ನಾರುಹುಣ್ಣು ಮುಕ್ತ ಅಂತ ಘೋಷಣೆ ಆಯ್ತು. ದೊಡ್ಡ ಗೆಲುವು ಅದು, ಎರಡು ಮಾತಿಲ್ಲ. ಆದ್ರೆ ಎಷ್ಟೋ ಊರುಗಳ ಬೋರಿನ ನೀರು ಸವಳು. ಹೊಳೆ ನೀರಲ್ಲಿ ಮಿಂದವರಿಗೆ ಅದು ಒಗ್ಗಲಿಲ್ಲ.

ಅದೇ ಹೊತ್ತಿಗೆ ಸ್ಯಾಶೆ ಬಂತು. ತಮಿಳುನಾಡಿನ ಕಡಲೂರಿನ ಚಿನ್ನಿ ಕೃಷ್ಣನ್ ಅವರದು ಶಾಂಪೂವನ್ನ ಸಣ್ಣ ಪೊಟ್ಟಣದಲ್ಲಿ ಮಾರೋ ಯೋಚನೆ. ಅವರ ಮಗ ಸಿ.ಕೆ. ರಂಗನಾಥನ್ 1983ರಲ್ಲಿ ಶುರು ಮಾಡಿದ ಕಂಪನಿಯಿಂದ 'ಚಿಕ್' ಬಂತು. ಕಿರಾಣಿ ಅಂಗಡಿಯಲ್ಲಿ ಮಾಲೆ ಮಾಲೆ ತೂಗಾಡೋ ಪೊಟ್ಟಣ. ಕುಟ್ಟೋದಿಲ್ಲ, ನೆನೆಸೋದಿಲ್ಲ, ಎರಡು ತಂಬಿಗೆಯಲ್ಲಿ ಮುಗೀತು. ಹೆಣ್ಣುಮಕ್ಕಳಿಗೆ ಇದು ಬಿಡುಗಡೆ. ಇದನ್ನ 'ಸಂಸ್ಕೃತಿ ಹಾಳಾಯ್ತು' ಅನ್ನೋರು ಒಂದು ವಾರ ಹತ್ತು ಕೊಡ ಹೊತ್ತು ನೋಡಲಿ. ಆದ್ರೆ ಸ್ಯಾಶೆಯ ಜೊತೆ ಹಳೇ ಎಣ್ಣೆಯ ಅಭ್ಯಾಸ ಹಾಗೇ ಉಳೀತು. ರಾತ್ರಿ ಎಣ್ಣೆ, ಬೆಳಿಗ್ಗೆ ಎಣ್ಣೆ, ಬಿಗಿಯಾಗಿ ಜಡೆ, ಹದಿನೈದು ದಿನಕ್ಕೊಮ್ಮೆ ಅರ್ಧ ಪೊಟ್ಟಣ. ಹೊಟ್ಟಿಗೆ ಹಬ್ಬ.

ಇನ್ನು ಮನೆಮದ್ದುಗಳ ಬಗ್ಗೆ ನಾನು ಓದಿ ತಿಳಿದದ್ದು ಚುಟುಕಾಗಿ. ಮೆಂತ್ಯೆ, ಮೊಸರು, ಕಡ್ಲಿಹಿಟ್ಟು: ತೊಂದರೆ ಇಲ್ಲ, ಚೆನ್ನಾಗಿ ತೊಳೆಯೋ ತನಕ ತಿಕ್ಕಿದ್ರೆ ಜಿಡ್ಡು ಹೋಗುತ್ತೆ. ಬೇವಿನ ತಪ್ಪಲು: ಬೂಷ್ಟಿನ ಮೇಲೆ ಕೆಲಸ ಮಾಡೋ ಗುಣ ಪ್ರಯೋಗಾಲಯದಲ್ಲಿ ಕಂಡಿದೆ, ಕುದಿಸಿದ ನೀರು ಕೊನೆಗೆ ಎರಕೊಂಡ್ರೆ ನಷ್ಟ ಇಲ್ಲ. ನಿಂಬೆಹಣ್ಣು: ಹುಷಾರು. ಅದರ ರಸ ಚರ್ಮದ ಮೇಲಿದ್ದು ಬಿಸಿಲು ಬಿದ್ರೆ ಸುಟ್ಟ ಹಾಗೆ ಕಲೆ ಆಗುತ್ತೆ, ನಮ್ಮ ಕಲಬುರಗಿ ಬಿಸಿಲಿನ ಬಗ್ಗೆ ಹೇಳ್ಬೇಕಾ! ದತ್ತೂರಿ ಎಲೆ ಹಾಕಿ ಕಾಸಿದ ಎಣ್ಣೆ: ದತ್ತೂರಿ ವಿಷ. ಕಣ್ಣಿಗೆ ಬಾಯಿಗೆ ಹೋದ್ರೆ ಕಷ್ಟ, ಮಕ್ಕಳಿಗಂತೂ ಬೇಡವೇ ಬೇಡ. ಚಿಮಣಿ ಎಣ್ಣಿ: ಹೇನಿಗೂ ಹೊಟ್ಟಿಗೂ ಅಂತ ಹಚ್ಚೋರಿದ್ರು. ಚರ್ಮ ಸುಡುತ್ತೆ, ಒಲೆ ಮುಂದೆ ಕೂತರೆ ತಲೆಯೇ ಹೊತ್ತಿಕೊಳ್ಳುತ್ತೆ. ಹಳೇದೆಲ್ಲಾ ಒಳ್ಳೇದಲ್ಲ.

ಗಿಡಮೂಲಿಕೆ ಅಂದ ಕೂಡಲೇ ಮೂಗು ಮುರಿಯೋದೂ ಸರಿ ಅಲ್ಲ. 2002ರಲ್ಲಿ ಆಸ್ಟ್ರೇಲಿಯಾದಲ್ಲಿ ಹೊಟ್ಟಿದ್ದ 126 ಜನರ ಮೇಲೆ ಪರೀಕ್ಷೆ ಮಾಡಿದ್ರು. ಅಲ್ಲಿನ ಟೀ ಟ್ರೀ ಗಿಡದ ಎಣ್ಣೆಯನ್ನ 5% ಬೆರೆಸಿದ ಶಾಂಪೂ ಬಳಸಿದವರಲ್ಲಿ 41% ಸುಧಾರಣೆ, ಬರೀ ಶಾಂಪೂ ಬಳಸಿದವರಲ್ಲಿ 11%. ಗಮನಿಸಿ, ಅದನ್ನೂ ಹಚ್ಚಿ ಬಿಟ್ಟಿರಲಿಲ್ಲ, ತೊಳೆದಿದ್ರು. ನಮ್ಮ ಬೇವು, ಸೀಗೆಗಳಿಗೂ ಇಂಥ ಪರೀಕ್ಷೆ ಇನ್ನಷ್ಟು ಆಗಬೇಕು ಅಂತ ನನ್ನಾಸೆ.

ಕೊನೇದಾಗಿ ನಾನು ಇದನ್ನೆಲ್ಲಾ ಓದೋಕೆ ಶುರು ಮಾಡಿದ ಕಾರಣ ಹೇಳ್ತೀನಿ. ನಮ್ಮ ಚಿಗವ್ವನ ಮಗಳಿಗೆ ತಲೆಯಲ್ಲಿ ದಪ್ಪ ಹೊಟ್ಟು ಬಂತು. ಎರಡು ವರ್ಷ ಊರಲ್ಲಿರೋ ಎಲ್ಲಾ ಎಣ್ಣೆ ಆಯ್ತು. ಹುಡುಗಿ ಕರೀ ಬಟ್ಟೆ ಹಾಕೋದು ಬಿಟ್ಟಳು, ಆಮೇಲೆ ಕಾಲೇಜಿಗೆ ಹೋಗೋದೇ ಕಡಿಮೆ ಮಾಡಿದಳು. ನೋಡೋಕೆ ಬಂದ ಬೀಗರ ಕಡೆಯವರು 'ಅಂಟುರೋಗ ಏನ್ರೀ?' ಅಂದ್ರು. ಮೊಣಕೈ ಮೇಲೂ ಬೆಳ್ಳಿ ಪುಡಿಯ ಥರ ಉದುರೋಕೆ ಶುರುವಾದ ಮೇಲೆ ದವಾಖಾನಿಗೆ ಕರ್ಕೊಂಡು ಹೋದ್ರೆ ಚರ್ಮದ ಡಾಕ್ಟರು ಹೇಳಿದ್ದು ಸೋರಿಯಾಸಿಸ್. ಅಂಟೋದೂ ಅಲ್ಲ, ಬೂಷ್ಟೂ ಅಲ್ಲ, ಬೇರೆಯೇ ಕಾಯಿಲೆ, ಬೇರೆಯೇ ಚಿಕಿತ್ಸೆ. ಈಗ ಹತೋಟಿಯಲ್ಲಿದೆ. ಆ ಎರಡು ವರ್ಷ ಮಾತ್ರ ಹೋಯ್ತು. ಮನೆಮದ್ದು ಅವಳಿಗೆ ಕೇಡು ಮಾಡಲಿಲ್ಲ, ಹೊತ್ತು ಕಳೀತು.

ಅದಕ್ಕೇ ಹೇಳೋದು. ಮಾಮೂಲಿ ಹೊಟ್ಟಾದ್ರೆ ಎಣ್ಣೆ ಕಡಿಮೆ ಮಾಡಿ, ತೊಳೆಯೋದು ಜಾಸ್ತಿ ಮಾಡಿ. ಸಾಲದಿದ್ರೆ ಮೆಡಿಕಲ್ ಶಾಪಿನಲ್ಲಿ ಸಿಗೋ 2% ಕೀಟೊಕೊನಜೋಲ್ ಶಾಂಪೂ ವಾರಕ್ಕೆರಡು ಸಲ, ಎರಡರಿಂದ ನಾಲ್ಕು ವಾರ. ಹಚ್ಚಿದ ತಕ್ಷಣ ತೊಳೀಬೇಡಿ, ಮೂರರಿಂದ ಐದು ನಿಮಿಷ ಬಿಡಿ. ಮತ್ತೆ ಬರುತ್ತೆ, ಮತ್ತೆ ಹಚ್ಚಿ. ಅದು ಪೂರ್ತಿ ಹೋಗೋದಲ್ಲ, ಹತೋಟಿಯಲ್ಲಿಡೋದು. ತಿಂಗಳಾದ್ರೂ ಕೇಳದಿದ್ರೆ, ತಲೆಯಿಂದಾಚೆ ಬೇರೆ ಕಡೆಗೂ ಹರಡಿದ್ರೆ, ಮಕ್ಕಳ ತಲೆಯಲ್ಲಿ ಕೂದಲು ಉದುರಿ ಬಿಲ್ಲೆ ಬಿಲ್ಲೆ ಆದ್ರೆ, ಚರ್ಮದ ಡಾಕ್ಟರನ್ನ ನೋಡಿ. ಮಕ್ಕಳದ್ದು ಬಹಳ ಸಲ ಹುಳಕಡ್ಡಿ, ಅದಕ್ಕೆ ಹೊಟ್ಟೆಗೆ ಗುಳಿಗೆಯೇ ಬೇಕು. ಯಾವ ಆಯಿಯ ಯಾವ ಎಣ್ಣೆಯೂ ಕೆಲಸ ಮಾಡಲ್ಲ.

ಉದ್ದ ಆಯ್ತು, ಇಲ್ಲಿಗೆ ನಿಲ್ಲಿಸ್ತೀನಿ. ನಿಮ್ಮ ಕಡೆ ಎಣ್ಣೆ ಏನು ಹಚ್ಚುತ್ತಿದ್ರು ಅಂತ ನಾನು ಕೇಳಲ್ಲ, ಅದು ಎಲ್ಲರಿಗೂ ಗೊತ್ತು. ಏನು ಹಾಕಿ ತೊಳೀತಿದ್ರು, ನೀರು ಎಲ್ಲಿಂದ ಬರ್ತಿತ್ತು, ಯಾರು ಹೊತ್ತು ತರ್ತಿದ್ರು? ಮಲೆನಾಡಿನವರು, ಕರಾವಳಿಯವರು, ಕಾಸರಗೋಡಿನವರು ಅಜ್ಜಿಯರನ್ನ ಕೇಳಿ ಬರೀರಿ. ಕೇಳೋಕೆ ಅವರು ಇನ್ನೂ ಇರೋವಾಗಲೇ.